ಸಿಳ್ಳೆ ಯಾರಿಗೆ ಗುರೂ?

ಕ್ಲೈಮ್ಯಾಕ್ಸೇ ಇಲ್ಲದ ಕಥೆ ಕೇಳಿ! 1971ರ ನವೆಂಬರ್ 24, ಅಮೆರಿಕ. ಡ್ಯಾನ್ ಕೂಪರ್ ಅಂತ ಟಿಕೆಟ್ ಕೊಂಡವನೊಬ್ಬ ಬಾಂಬ್ ತೋರಿಸಿ ವಿಮಾನ ಅಪಹರಿಸಿದ. ಸಿಯಾಟಲ್‌ನಲ್ಲಿ ಪ್ರಯಾಣಿಕರನ್ನು ಇಳಿಸಿ, 2 ಲಕ್ಷ ಡಾಲರ್, 4 ಪ್ಯಾರಾಚೂಟ್ ತರಿಸಿಕೊಂಡ. ವಿಮಾನ ಮತ್ತೆ ಮೇಲೇರಿದಾಗ ಹಿಂದಿನ ಮೆಟ್ಟಿಲಿಂದ ಕತ್ತಲಿಗೆ ಹಾರಿದ. ಮಾಯ!

1980ರಲ್ಲಿ ನದಿ ದಂಡೆಯ ಮರಳಲ್ಲಿ ಹುಡುಗನೊಬ್ಬನಿಗೆ 5,800 ಡಾಲರ್ ಸಿಕ್ಕಿತು. 1981ರಲ್ಲಿ ಸಿನಿಮಾನೂ ಬಂತು. 2016ರಲ್ಲಿ ಎಫ್‌ಬಿಐ ಕೈಚೆಲ್ಲಿತು. ಹವ್ಯಾಸಿ ಪತ್ತೇದಾರರು ಮಾತ್ರ ಬಿಡಲಿಲ್ಲ. ಅವನು ಬಿಟ್ಟುಹೋದ ಟೈ ಶೋಧಿಸಿ ಟೈಟಾನಿಯಂ ಕಣ ಹೆಕ್ಕಿದರು!

ಕಳ್ಳನ ಟೈಗೇ ಇಷ್ಟು ಸೇವೆ. ಬಾಂಬಿನ ಪಕ್ಕ ಕೂತು, ಹಣದ ಚೀಲ ಹೊತ್ತು ತಂದವಳು 22ರ ಗಗನಸಖಿ. ನನ್ನ ಸಿಳ್ಳೆ ಆಕೆಗೆ. ನಿಮ್ಮದು?