ಉದ್ಯೋಗ ಕೊಡಿಸುವವರ ಸಂಬಳ

ಬೆಂಗಳೂರಿನಂತಹ ನಗರದಲ್ಲಿ ಕಾರ್ಖಾನೆಗಳೂ ಕಚೇರಿಗಳೂ ಇರುವವರೆಗೆ ಅವುಗಳಿಗೆ ಜನ ಬೇಕು, ಜನ ಬೇಕಾಗಿರುವವರೆಗೆ ಅವರನ್ನು ಹುಡುಕಿಕೊಡುವವರು ಬೇಕು, ಆದುದರಿಂದ ಉದ್ಯೋಗ ಸಲಹೆಗಾರರ ವೃತ್ತಿಗೆ ಯಾವ ಕಾಲಕ್ಕೂ ಕುಂದಿಲ್ಲವೆಂಬ ಮಾತು ಪದವೀಧರರಿಗೆ ದಾರಿ ತೋರುವ ಅಂಕಣಗಳಲ್ಲಿಯೂ ಭಾಷಣಗಳಲ್ಲಿಯೂ ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಅದರ ಬೆನ್ನಿಗೇ ಸಂಬಳದ ಲೆಕ್ಕವೂ ಬರುತ್ತದೆ: ಆರಂಭದಲ್ಲಿ ವರ್ಷಕ್ಕೆ ಎರಡು ಮೂರು ಲಕ್ಷ ರೂಪಾಯಿ, ಮೇಲೆ ಇನ್ಸೆಂಟಿವ್, ಅನುಭವ ಬೆಳೆದಂತೆ ಎರಡೂ ಬೆಳೆಯುವುವು. ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ವಿಚಾರವೂ ಇಲ್ಲ. ಎಷ್ಟು ದೊರೆಯುತ್ತದೆಂಬುದಕ್ಕಿಂತ, ಯಾರಿಂದ ದೊರೆಯುತ್ತದೆ, ಯಾವ ಕ್ಷಣದಲ್ಲಿ ದೊರೆಯುತ್ತದೆ, ಏನನ್ನು ಸಾಧಿಸಿದುದಕ್ಕಾಗಿ ದೊರೆಯುತ್ತದೆ ಎಂಬ ಪ್ರಶ್ನೆಗಳೇ ಈ ವೃತ್ತಿಯ ಭವಿಷ್ಯವನ್ನು ನಿರ್ಣಯಿಸತಕ್ಕವು.

ಇಂದಿನ ಪದ್ಧತಿ ಸರಳವಾದುದು. ಅಭ್ಯರ್ಥಿಯು ಕೆಲಸಕ್ಕೆ ಸೇರಿದ ಮೇಲೆ ಕಂಪನಿಯು ಆತನ ವಾರ್ಷಿಕ ಸಂಬಳದ ಶೇಕಡಾ 8.33ರಷ್ಟನ್ನು, ಎಂದರೆ ಒಂದು ತಿಂಗಳ ಸಂಬಳವನ್ನು, ಕನ್ಸಲ್ಟೆನ್ಸಿಗೆ ಕೊಡುವುದು ಬಹುಕಾಲದಿಂದ ನಡೆದುಬಂದಿರುವ ರೂಢಿ. ಹನ್ನೆರಡು ಲಕ್ಷದ ಎಂಜಿನಿಯರನೊಬ್ಬ ಸೇರಿದರೆ ಸುಮಾರು ಒಂದು ಲಕ್ಷ. ವರ್ಷಕ್ಕೆ 1,80,000 ರೂಪಾಯಿ ಪಡೆಯುವ ಐಟಿಐ ಓದಿದ ಹುಡುಗ ಸೇರಿದರೆ ಹದಿನೈದು ಸಾವಿರ. ಪೀಣ್ಯದಂತಹ ಬಡಾವಣೆಯ ಎರಡನೆಯ ಮಹಡಿಯಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕುಳಿತ ಯುವತಿಯ ಎಕ್ಸೆಲ್ ಪಟ್ಟಿಯನ್ನು ಒಮ್ಮೆ ನೋಡಬೇಕು. ಹೆಸರು, ನಂಬರು, ಈಗಿನ ಸಂಬಳ, ಬಯಸುವ ಸಂಬಳ, ನೋಟಿಸ್ ಪೀರಿಯಡ್. ಕೊನೆಯ ಅಂಕಣದಲ್ಲಿ ಸಾಲುಸಾಲಾಗಿ ‘ಆರ್‌ಎನ್‌ಆರ್’, ಎಂದರೆ ರಿಂಗಾದರೂ ಎತ್ತಲಿಲ್ಲ. ದಿನವೆಲ್ಲ ಕರೆಮಾಡಿ ನಾಲ್ವರನ್ನು ಲೈನಪ್ ಮಾಡಿದರೆ ಇಬ್ಬರು ಇಂಟರ್‌ವ್ಯೂಗೆ ಹೋದರೆ ಹೋದರು. ಆಯ್ಕೆಯಾದವನು ತೊಂಬತ್ತು ದಿನದ ನೋಟಿಸ್ ಮುಗಿಯುವಷ್ಟರಲ್ಲಿ ಬೇರೊಂದು ಆಫರ್ ಹಿಡಿದು ಹೊರಟನೆಂದರೆ ಮೂರು ತಿಂಗಳ ಶ್ರಮವೆಲ್ಲ ‘ಡ್ರಾಪ್’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಐಟಿಐ ಹುಡುಗನಿಗಾಗಿ ಪಡಬೇಕಾದ ಶ್ರಮ ಎಂಜಿನಿಯರನಿಗಾಗಿ ಪಡುವುದಕ್ಕಿಂತ ಕಡಿಮೆಯೇನಲ್ಲ. ಫಲ ಮಾತ್ರ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆಕೆ ಯಾರಿಗೆ ಮೊದಲು ಕರೆಮಾಡುವಳೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ ಎತ್ತುವ ಒಂದು ಆಕ್ಷೇಪಕ್ಕೆ ನಾನು ಗೌರವ ಕೊಡುತ್ತೇನೆ. ಕಮಿಷನ್ನಿನ ಆಸೆಯಿಲ್ಲದ ವ್ಯವಸ್ಥೆಯನ್ನು ಈ ದೇಶ ಕಂಡಿಲ್ಲವೇ ಎಂದು ಆಕ್ಷೇಪಿಸುವವರು ಕೇಳುತ್ತಾರೆ. ಕಂಡಿದೆ. ಮಹಾಯುದ್ಧದಿಂದ ಹಿಂದಿರುಗಿದ ಸೈನಿಕರಿಗಾಗಿ 1945ರಲ್ಲಿ ಹುಟ್ಟಿದ ಉದ್ಯೋಗ ವಿನಿಮಯ ಕೇಂದ್ರಗಳು 1948ರಲ್ಲಿ ಸರ್ವರಿಗೂ ತೆರೆದವು. ಕನ್ನಡನಾಡು ಒಂದಾದ 1956ರ ನವೆಂಬರ್ 1ರಂದೇ ಅವುಗಳ ಆಡಳಿತ ರಾಜ್ಯಗಳ ಕೈಗೆ ಬಂದಿತು. 1959ರ ಕಾಯಿದೆಯು ಇಪ್ಪತ್ತೈದಕ್ಕೆ ಕಡಿಮೆಯಿಲ್ಲದ ನೌಕರರುಳ್ಳ ಖಾಸಗಿ ಸಂಸ್ಥೆಗಳೂ ತಮ್ಮ ಖಾಲಿ ಹುದ್ದೆಗಳನ್ನು ತಿಳಿಸಬೇಕೆಂದು ವಿಧಿಸಿತು, ಆದರೆ ಕೇಂದ್ರ ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂದು ವಿಧಿಸಲಿಲ್ಲ. ಹೆಸರು ಬರೆಯಿಸಿ, ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸಿ, ಬಾರದ ಪತ್ರಕ್ಕಾಗಿ ವಯೋಮಿತಿ ಮೀರುವವರೆಗೆ ಕಾದ ಒಂದು ತಲೆಮಾರೇ ನಮ್ಮ ನಡುವೆ ಇದೆ. ಬಂದವನಿಗೆ ಕೆಲಸ ಸಿಕ್ಕಿದರೂ ಸಿಕ್ಕದಿದ್ದರೂ ಅಲ್ಲಿಯ ಅಧಿಕಾರಿಯ ಸಂಬಳಕ್ಕೆ ಬಾಧೆಯಿರಲಿಲ್ಲ. ಫಲಕ್ಕೂ ಪ್ರತಿಫಲಕ್ಕೂ ನಂಟಿಲ್ಲದ ಕಡೆ ಉತ್ಸಾಹ ಬತ್ತುವುದೆಂಬುದನ್ನು ನಾನು ಅಲ್ಲಗಳೆಯಲಾರೆ.

ಆದರೆ ನಂಟು ಇರಬೇಕೆಂಬುದು ಒಂದು ಮಾತು, ಅದು ಯಾವ ಫಲದೊಡನೆ ಇರಬೇಕೆಂಬುದು ಇನ್ನೊಂದು. ಇಂದಿನ ಶುಲ್ಕ ಅಂಟಿಕೊಂಡಿರುವುದು ಕೆಲಸಕ್ಕೆ ಸೇರುವ ದಿನಕ್ಕೆ. ಸೇರಿದವನು ತೊಂಬತ್ತು ದಿನದೊಳಗೆ ಬಿಟ್ಟರೆ ಬದಲಿ ಆಳನ್ನು ಕೊಡಬೇಕೆಂಬ ಕರಾರು ಸಾಮಾನ್ಯವಾಗಿ ಇರುತ್ತದೆ. ತೊಂಬತ್ತೊಂದನೆಯ ದಿನ ಅವನು ಬದುಕಿದನೋ ಬಳಲಿದನೋ ಯಾರ ಲೆಕ್ಕಕ್ಕೂ ಬಾರದು.

ಕೆಳಗಿನ ಮಟ್ಟದಲ್ಲಿ ನಡೆಯುವುದು ಇದಕ್ಕಿಂತ ಘೋರವಾದುದು. ಕಂಪನಿಯಿಂದ ಬರುವುದು ಅಲ್ಪವಾದಲ್ಲಿ ಅಭ್ಯರ್ಥಿಯಿಂದಲೇ ಕಿತ್ತುಕೊಳ್ಳುವ ಅಭ್ಯಾಸ ಬೆಳೆದಿದೆ: ರಿಜಿಸ್ಟ್ರೇಷನ್ ಫೀ ಎಂದು ಎರಡು ಸಾವಿರ, ಟ್ರೈನಿಂಗ್ ಎಂದು ಐದು ಸಾವಿರ, ಕೆಲವೆಡೆ ಮೊದಲ ತಿಂಗಳ ಸಂಬಳವೇ. ನಮ್ಮ ಎಪಿಎಂಸಿ ಮಂಡಿಗಳ ಸ್ಥಿತಿಯನ್ನು ಬಲ್ಲವರಿಗೆ ಇದರ ರೀತಿ ಹೊಸದಲ್ಲ. ದಲಾಲಿಯನ್ನು ಖರೀದಿದಾರನಿಂದ ಪಡೆಯತಕ್ಕದ್ದೇ ಹೊರತು ರೈತನಿಂದ ಪಡೆಯಕೂಡದೆಂದು ಕರ್ನಾಟಕದ ಕಾನೂನು ಸ್ಪಷ್ಟವಾಗಿ ಹೇಳುತ್ತಿದ್ದರೂ, ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತನ ಹಣದಲ್ಲಿಯೇ ಕಮಿಷನ್ ಮುರಿದುಕೊಳ್ಳುವ ಮಂಡಿಗಳ ವಿರುದ್ಧ ದೂರು ನಿಂತೇ ಇಲ್ಲ. ಏಕೆಂದರೆ ಮಾರಲೇಬೇಕಾದ ಮಾಲನ್ನು ಹೊತ್ತು ತಂದವನು ಬರಿಗೈಯಲ್ಲಿ ಹಿಂದಿರುಗಲಾರ. ಉದ್ಯೋಗಾರ್ಥಿಯೂ ಹಿಂದಿರುಗಲಾರ. ದುಡಿಯುವವನಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಕೂಡದೆಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯ ಮೂಲತತ್ತ್ವ. ಗಲ್ಫ್ ದೇಶಗಳಿಗೆ ಜನರನ್ನು ಕಳುಹಿಸುವ ಏಜೆಂಟರನ್ನು ನಮ್ಮ 1983ರ ವಲಸೆ ಕಾಯಿದೆಯು ನೋಂದಣಿಗೆ ಒಳಪಡಿಸಿದೆ, ಅದರ ನಿಯಮಗಳು ಶುಲ್ಕಕ್ಕೆ 30,000 ರೂಪಾಯಿಯ ಮಿತಿ ಹಾಕಿವೆ. ದುಬೈಗೆ ಹೋಗುವವನಿಗೆ ಇರುವ ಈ ರಕ್ಷಣೆ ಸಿರಾದಿಂದ ಬೊಮ್ಮಸಂದ್ರಕ್ಕೆ ಬರುವ ಹೆಣ್ಣುಮಗಳಿಗೆ ಏಕೆ ಬೇಡ? ಬಡವಳ ಮೊದಲ ಸಂಬಳವನ್ನು ನುಂಗುವುದು ಸಲಹೆಯಲ್ಲ, ಸುಲಿಗೆ.

ಇನ್ನು ಯಂತ್ರವೇ ಎಲ್ಲವನ್ನೂ ಮಾಡುವುದರಿಂದ ಸಲಹೆಗಾರರೇ ಬೇಕಾಗರೆಂಬ ಭವಿಷ್ಯವಾಣಿಯನ್ನು, ರಾತ್ರಿ ಪಾಳಿ ಮುಗಿದ ಮೇಲೆ ಆ ಹೆಣ್ಣುಮಗಳು ಹಾಸ್ಟೆಲನ್ನು ಹೇಗೆ ಸೇರುವಳೆಂದು ಯಾವ ಯಂತ್ರವೂ ತಾನಾಗಿ ವಿಚಾರಿಸುವುದಿಲ್ಲವೆಂದು ಹೇಳಿ ಬಿಟ್ಟುಬಿಡಬಹುದು. ಬಯೋಡೇಟಾಗಳನ್ನು ಜರಡಿ ಹಿಡಿಯುವ ಕೆಲಸವೇನೋ ಕೈತಪ್ಪುತ್ತಿದೆ. 1997ರಲ್ಲಿ ನೌಕ್ರಿ ಡಾಟ್ ಕಾಂ ಬಂದಾಗಿನಿಂದಲೂ ಅದು ಜಾರುತ್ತಲೇ ಇದೆ. ಉಳಿಯುವುದು ವಿಚಾರಿಸುವ ಕೆಲಸ. ಆ ಕೆಲಸಕ್ಕೆ ಇಂದಿನ ಪದ್ಧತಿಯಲ್ಲಿ ಬಿಡಿಗಾಸೂ ಇಲ್ಲ.

ಕೆಲಸಕ್ಕೆ ಸೇರಿಸಿದುದಕ್ಕಷ್ಟೇ ಅಲ್ಲದೆ ಸೇರಿದವನು ಕೆಲಸದಲ್ಲಿ ನಿಂತುದಕ್ಕೂ ಪ್ರತಿಫಲ ಕೊಡುವ ದಾರಿಯನ್ನು ಆಸ್ಟ್ರೇಲಿಯ ಪ್ರಯೋಗಿಸಿ ನೋಡಿದೆ. 1998ರಲ್ಲಿ ಅದು ತನ್ನ ಸರ್ಕಾರಿ ಉದ್ಯೋಗ ಸೇವೆಯನ್ನು ಮುಚ್ಚಿ, ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವ ಹೊಣೆಯನ್ನು ಖಾಸಗಿ ಹಾಗೂ ಧರ್ಮಾರ್ಥ ಸಂಸ್ಥೆಗಳಿಗೆ ವಹಿಸಿತು. ಆ ಸಂಸ್ಥೆಗಳ ಪ್ರತಿಫಲದಲ್ಲಿ ದೊಡ್ಡ ಪಾಲು, ಸೇರಿದವನು 13 ವಾರ ಮತ್ತು 26 ವಾರ ಕೆಲಸದಲ್ಲಿ ನಿಂತುದಕ್ಕೆ ಗಂಟುಬಿದ್ದಿತು. ಅಲ್ಲಿಯೂ ಸುಲಭವಾಗಿ ಕೆಲಸ ಸಿಗುವವರನ್ನು ಎತ್ತಿಕೊಂಡು ಕಷ್ಟದವರನ್ನು ಬದಿಗೆ ಕೂರಿಸುವ ದೋಷ ತಲೆಯೆತ್ತಿತು. 2009ರ ಹೊತ್ತಿಗೆ ಕಷ್ಟದ ತಾರತಮ್ಯವನ್ನು ನೋಡಿ ನಿರುದ್ಯೋಗಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಅದಕ್ಕೆ ತಕ್ಕಂತೆ ಶುಲ್ಕವನ್ನೂ ಬೇರೆ ಬೇರೆಯಾಗಿ ಕೊಡಬೇಕಾಯಿತು. ದೋಷ ಪೂರ್ತಿಯಾಗಿ ಅಳಿಯಿತೆಂದು ಯಾರೂ ಹೇಳುವುದಿಲ್ಲ. ಆದರೂ ಶ್ರಮವನ್ನು ಅಳೆಯಬೇಕಾದ ದಿಕ್ಕು ಅದೇ: ಸಂಬಳದ ಗಾತ್ರವನ್ನಲ್ಲ, ಉದ್ಯೋಗ ಕೊಡಿಸುವುದರ ಕಷ್ಟವನ್ನೂ ಉದ್ಯೋಗ ನಿಂತ ಕಾಲವನ್ನೂ ನೋಡುವುದು.

ನಮ್ಮ ಕಂಪನಿಗಳು ಇದಕ್ಕೆ ಒಪ್ಪವೆಂಬ ಮಾತಿನಲ್ಲಿ ಬಲವಿಲ್ಲ. ತೊಂಬತ್ತು ದಿನದ ಕರಾರನ್ನು ಬರೆಯಿಸಿಕೊಂಡವರು ಅವರೇ; ಅದನ್ನು ಒಂದು ವರ್ಷಕ್ಕೆ ಚಾಚಿ, ಸೇರಿದ ದಿನ ಶುಲ್ಕದ ಮೂರನೆಯ ಒಂದು ಪಾಲನ್ನು, ಉಳಿದುದನ್ನು ಆರನೆಯ ಹಾಗೂ ಹನ್ನೆರಡನೆಯ ತಿಂಗಳಲ್ಲಿ ಕೊಡುವುದರಿಂದ ಅವರಿಗೆ ನಷ್ಟವಿಲ್ಲ. ಕಡಿಮೆ ಸಂಬಳದ ಹುದ್ದೆಗಳಿಗೆ ಆ ಶುಲ್ಕ ಸಾಲದಾದಾಗ ಕೊರತೆಯನ್ನು ಸರ್ಕಾರವೇ ತುಂಬಬೇಕು. ಜಿಲ್ಲೆಜಿಲ್ಲೆಯಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳನ್ನು ದಶಕಗಳ ಕಾಲ ಸಾಕಿದ ಬೊಕ್ಕಸಕ್ಕೆ ಅದು ಅಪರಿಚಿತವಾದ ಖರ್ಚಲ್ಲ.