ಮಾವಿನ ಬಿಯರಿಗೆ ಪರವಾನಗಿ, ಈಚಲ ಹೆಂಡಕ್ಕೆ ಲಾಠಿ

ಹಾನಗಲ್ಲಿನ ತೋಪುಗಳಲ್ಲಿ ಆಪೂಸು ಮಾಗುವ ಹೊತ್ತಿಗೆ ಬೆಂಗಳೂರಿನ ಬಿಯರ್ ಮನೆಗಳಲ್ಲಿಯೂ ಮಾವಿನ ಹಂಗಾಮು ಶುರುವಾಗುತ್ತದೆ. ಹಣ್ಣಿನ ತಿರುಳನ್ನು ಹುದುಗುವ ಬಿಯರಿಗೆ ಬೆರೆಸಿ, ಕೆಲವು ವಾರ ನಲ್ಲಿಯಿಂದ ಇಳಿಸಿ ಮಾರುತ್ತಾರೆ. ಹಣ್ಣು ಮುಗಿದರೆ ಅದೂ ಮುಗಿಯಿತು. ಆಮೇಲೆ ರಾಗಿಯದು, ಬೆಲ್ಲದ್ದು, ಕಾಫಿಯದು. ಇವಕ್ಕೆ ಹಂಗಾಮಿನ ಬಿಯರು, ಪ್ರಯೋಗದ ಬಿಯರು ಎಂದು ಹೆಸರು. ನಮ್ಮ ಶಿಗ್ಗಾಂವಿ, ಹಿರೇಕೆರೂರ ಕಡೆಯಿಂದ ದುಡಿಯಲು ಹೋದ ಹುಡುಗರಿಗೆ ಇಂಥ ಮನೆಗಳ ಬಾಗಿಲು ಗೊತ್ತು. ಬಾಗಿಲು ಕಾಯುವವರಲ್ಲಿಯೂ, ಗಿರಾಕಿಗಳನ್ನು ರಾತ್ರಿ ಕಾರಿನಲ್ಲಿ ಮನೆ ಮುಟ್ಟಿಸುವವರಲ್ಲಿಯೂ ಅವರಿದ್ದಾರೆ. ಒಳಗೆ ಒಂದು ಲೋಟದ ಬೆಲೆ 300-400 ರೂಪಾಯಿ.

ಈ ಕಸಬಿನ ಮೇಲೆ ನಮಗೆ ಸಿಟ್ಟಿಲ್ಲ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ ಯೀಸ್ಟು ಕೂಡಿಸಿದರೆ ಬಿಯರು. ನಮ್ಮ ಮನೆಯ ದೋಸೆ ಹಿಟ್ಟು ಉಬ್ಬುವುದೂ, ಅಂಬಲಿ ಹುಳಿಯಾಗುವುದೂ ಇದರ ಬಳಗದ ವಿದ್ಯೆಯೇ. ಜರ್ಮನಿಯ ರೀತಿಯ ಗೋದಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಬರುತ್ತದೆ. ಅದರಲ್ಲಿ ಬಾಳೆಹಣ್ಣು ಇರುವುದಿಲ್ಲ, ಯೀಸ್ಟೇ ಆ ವಾಸನೆ ಹುಟ್ಟಿಸುತ್ತದೆ. ಶಾಲೆಯ ಮಕ್ಕಳಿಗೂ ಹೇಳಿಕೊಡಬಹುದಾದ ಸೋಜಿಗ ಇದು, ಪಾಲಕರು ಒಪ್ಪಿದರೆ. ದೊಡ್ಡ ಕಾರಖಾನೆ ಲಕ್ಷಾಂತರ ಬಾಟ್ಲಿಗಳಲ್ಲಿ ಒಂದೇ ರುಚಿ ಕೊಡಬೇಕು, ಆದ್ದರಿಂದ ಪ್ರಯೋಗಕ್ಕೆ ಅಂಜುತ್ತದೆ. ಸಣ್ಣ ಮನೆಯವನು ಕೆಟ್ಟರೆ ಒಂದು ಹಂಡೆ ಚೆಲ್ಲುತ್ತಾನೆ, ಅಷ್ಟೇ. ಸೋಸಿ ಕಾಯಿಸಿ ಬಾಟ್ಲಿಗೆ ತುಂಬುವ ಗೋಜಿಲ್ಲ. ತಾಜಾ ಮಾಡಿದ್ದು ಅಲ್ಲಿಯೇ ಖರ್ಚಾಗುತ್ತದೆ.

ಬಿಯರು ಬೆಂಗಳೂರಿಗೆ ಬಂದದ್ದು ಗೋರಾ ಸಿಪಾಯಿಗಳ ದಂಡಿನ ಸಲುವಾಗಿ. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ಸಣ್ಣ ಭಟ್ಟಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಮುಂದೆ ಅದು ಮಲ್ಯರ ಕೈಗೆ ಬಂತು, 2021ರಲ್ಲಿ ಹಾಲೆಂಡಿನ ಹೈನೆಕೆನ್ ಕಂಪನಿಯ ಕೈ ಸೇರಿತು. ಸಣ್ಣ ಬಿಯರ್ ಮನೆಗಳು 2010-11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್‌ಗಳಿಂದ ಆರಂಭವಾದವು. ಸರಕಾರ ಅವುಗಳಿಗಾಗಿಯೇ ನಿಯಮ ತಿದ್ದಿ ಪರವಾನಗಿ ಕೊಟ್ಟಿತು. ಮಾಡಿದಲ್ಲೇ ಮಾರಲಿ, ತಾಜಾ ಮಾರಲಿ ಎಂಬುದು ಆ ನಿಯಮದ ತಿರುಳು. ಒಳ್ಳೆಯ ನಿಯಮವೇ.

ಇನ್ನು ನಮ್ಮ ಕಡೆಗೆ ಬರೋಣ. ಕೆರೆಯಂಗಳದ ಈಚಲ ಮರದಿಂದ ಬೆಳಗಿನ ಜಾವ ಇಳಿಸಿದ ರಸ ಸಿಹಿಯಾಗಿರುತ್ತದೆ. ಹೊತ್ತೇರಿದಂತೆ ತಾನೇ ಹುದುಗಿ, ಮಧ್ಯಾಹ್ನಕ್ಕೆ ಹುಳಿಯಾಗಿ, ಮರುದಿನಕ್ಕೆ ಕೆಡುತ್ತದೆ. ಮಾಡಿದಲ್ಲೇ ಮಾರಬೇಕು, ತಾಜಾ ಮಾರಬೇಕು. ಬೆಂಗಳೂರಿನವರು ಈಗ ಕಂಡುಹಿಡಿದ ಹಂಗಾಮಿನ ಪಾನ ಇದಲ್ಲದೆ ಮತ್ತೇನು? ಬಸವಣ್ಣನವರ ಕಾಲದಲ್ಲಿ ಹೆಂಡದ ಮಾರಯ್ಯ ಎಂಬ ಶರಣನೇ ಇದ್ದ; ಕಸಬಿನ ಹೆಸರನ್ನು ಬಚ್ಚಿಡಲಿಲ್ಲ. ರಾಗಿಯ ಬಿಯರೂ ಹೊಸದಲ್ಲ, ಸಿಕ್ಕಿಮಿನ ಬೆಟ್ಟದವರು ಹುದುಗಿಸಿದ ರಾಗಿಗೆ ಬಿಸಿನೀರು ಹೊಯ್ದು ಬಿದಿರ ಕೊಳವೆಯಿಂದ ಹೀರುತ್ತ ಬಂದಿದ್ದಾರೆ.

ಆದರೆ 2004ರಲ್ಲಿ ಕರಾವಳಿಯ ಕಡೆ ಬಿಟ್ಟು ಉಳಿದ ಜಿಲ್ಲೆಗಳಲ್ಲಿ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಸೇಂದಿಗೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆ ಎಂಬ ಕಾರಣ ಹೇಳಿದರು. ಬೆರೆಸುತ್ತಿದ್ದುದು ಸುಳ್ಳಲ್ಲ. ವಿಷದ ಮದ್ಯ ಏನು ಮಾಡುತ್ತದೆಂಬುದನ್ನು 1981ರಲ್ಲಿ ಬೆಂಗಳೂರು ಕಂಡಿದೆ. 300ಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ಬಡವರು. ಆದರೆ ಹಾಲಿಗೆ ನೀರು ಬೆರೆಸುತ್ತಾರೆಂದು ಯಾರೂ ಎಮ್ಮೆ ಸಾಕುವುದನ್ನು ನಿಷೇಧಿಸುವುದಿಲ್ಲ. ಬೆರಕೆ ಮಾಡಿದ ಗುತ್ತಿಗೆದಾರ ಬೇರೆ ದಂಧೆ ಹಿಡಿದ. ಮರ ಹತ್ತಿ ಇಳಿಸುವವನು ಕತ್ತಿ ಮೂಲೆಗಿಟ್ಟು ಕೂಲಿಗೆ ನಡೆದ.

ಹೆಂಡ ನಿಂತರೆ ಕುಡಿತ ನಿಂತಿತೇ? ಇಲ್ಲ. ಗಿರಣಿಯಿಂದ ಹೊರಬಿದ್ದ ಕೆಲಸಗಾರನ ಕೈಗೆ 90 ಮಿಲಿಯ ವಿಸ್ಕಿ ಪೊಟ್ಟಣ ಬಂತು. ಲೆಕ್ಕ ಮಾಡಿ ನೋಡಿರಿ. ವಿಸ್ಕಿಯಲ್ಲಿ ಮದ್ಯಸಾರ ಶೇ. 42.8, 90 ಮಿಲಿಯಲ್ಲಿ 38 ಮಿಲಿಗೂ ಮೇಲೆ. ಶೇ. 5ರ ಸಾದಾ ಬಿಯರಿನ 650 ಮಿಲಿ ಬಾಟ್ಲಿಯಲ್ಲಿ ಇರುವುದು ಮೂವತ್ತೆರಡೂವರೆ ಮಿಲಿ. ಅಂಗೈಯಗಲದ ಪೊಟ್ಟಣ ಆ ದೊಡ್ಡ ಬಾಟ್ಲಿಯನ್ನು ಮೀರಿಸುತ್ತದೆ, ಎರಡು ಗುಟುಕಿಗೆ ಹೊಟ್ಟೆ ಸೇರುತ್ತದೆ. ಬೆಂಗಳೂರಿನ ಒಂದು ಲೋಟ ಮಾವಿನ ಬಿಯರಿನ ರೊಕ್ಕಕ್ಕೆ ಇಂಥವು ಮೂರು ಬರುತ್ತವೆ. ಸೌಮ್ಯವಾದದ್ದು ಉಳ್ಳವನಿಗೆ, ಉರಿಯುವಂಥದು ಇಲ್ಲದವನಿಗೆ. ಬಡವನನ್ನು ಕಾಪಾಡಲು ಮಾಡಿದ ವ್ಯವಸ್ಥೆ ಇದು!

ಬೊಕ್ಕಸಕ್ಕೆ ಮಾತ್ರ ನಷ್ಟವಿಲ್ಲ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟರು. 2011ರ ಜನಗಣತಿಯ 6.11 ಕೋಟಿ ಜನಕ್ಕೆ ಹಂಚಿದರೆ, ತೊಟ್ಟಿಲ ಕೂಸನ್ನೂ ಹಿಡಿದು, ತಲೆಗೆ 6,500 ರೂಪಾಯಿ ದಾಟುತ್ತದೆ. 2023ರಿಂದ ಮನೆಯೊಡತಿಗೆ ತಿಂಗಳಿಗೆ 2,000 ಕೊಡುವ ಯೋಜನೆ ಬಂದಿದೆ, ಅದನ್ನು ನಾವು ಸ್ವಾಗತಿಸುತ್ತೇವೆ. ಅದೇ ಮನೆಯ ಗಂಡಸಿನ ಜೇಬಿನಿಂದ ಅದರಲ್ಲಿ ಎಷ್ಟು ತಿರುಗಿ ಹೋಗುತ್ತದೆಂಬುದು ಸವಣೂರ ಪೇಟೆಯ ಕಿರಾಣಿ ವ್ಯಾಪಾರಿಯ ಉದ್ರಿ ಪುಸ್ತಕ ನೋಡಿದರೆ ತಿಳಿಯುತ್ತದೆ. ವಾರದ ಬಟವಾಡೆಯಾದ ಸಂಜೆ ಮೊದಲು ತೀರುವುದು ಯಾವ ಅಂಗಡಿಯ ಬಾಕಿ ಎಂದು ಅವರನ್ನೇ ಕೇಳಿರಿ.

ನಮ್ಮ ಗೆಳೆಯರಲ್ಲಿ ಕೆಲವರು ಪೂರ್ಣ ಪಾನನಿರೋಧವೇ ಬೇಕೆನ್ನುತ್ತಾರೆ. ಅವರ ಕಳಕಳಿ ದೊಡ್ಡದು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿ ಇದನ್ನೇ ಕೇಳಿದರು. ಆ ನಡಿಗೆಯ ಮುಂದೆ ನಮ್ಮ ವಾದ ಸಣ್ಣದೆಂದು ಬಲ್ಲೆವು. ಆದರೂ ನಮ್ಮ ನಾಲ್ಕು ತಾಲೂಕುಗಳು ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆಯನ್ನು ಕಂಡಿವೆ. ಅಂಥ ಕಾಯಿದೆಯಲ್ಲಿ ಕುಡಿಯುವವನಿಗೆ ಕಳ್ಳಭಟ್ಟಿ, ಪೊಲೀಸನಿಗೆ ಹಪ್ತೆ, ಮರ ಹತ್ತುವವನಿಗೆ ಜೇಲು. ಹೆಣ್ಣುಮಕ್ಕಳು ಮೊದಲು ಮುಚ್ಚಬೇಕೆನ್ನುವುದು ಊರೊಳಗೆ ಕದ್ದು ಪೊಟ್ಟಣ ಮಾರುವ ಜಾಗಗಳನ್ನು. ಅವನ್ನು ಮುಚ್ಚಲು ಹೊಸ ಕಾಯಿದೆ ಬೇಕಿಲ್ಲ. ಇದ್ದ ಕಾಯಿದೆಯನ್ನು ನಡೆಸುವ ಮನಸ್ಸು ಬೇಕು.

ಸರಕಾರದ ಮುಂದೆ ನಮ್ಮ ಬೇಡಿಕೆ ಇಷ್ಟು. ಬೆಂಗಳೂರಿನ ಬಿಯರ್ ಮನೆಗೆ ಕೊಟ್ಟಂಥ ಪರವಾನಗಿಯನ್ನೇ, ಅದೇ ತಪಾಸಣೆ, ಅದೇ ಕಟ್ಟುನಿಟ್ಟಿನೊಡನೆ, ಈಚಲು ಇಳಿಸುವವರ ಸಹಕಾರಿ ಸಂಘಗಳಿಗೂ ಕೊಡಿರಿ. ಗುತ್ತಿಗೆದಾರ ನಡುವೆ ಬರಕೂಡದು. ಎಷ್ಟು ಮರವಿದೆಯೋ ಅಷ್ಟೇ ಮಾರಾಟ. ಮರಕ್ಕೆ ನಂಬರು ಹಾಕಿರಿ, ದಿನದ ಮಾಲಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿರಿ. ಯಾವ ಊರಿನ ಹೆಣ್ಣುಮಕ್ಕಳು ಗ್ರಾಮಸಭೆಯಲ್ಲಿ ಬೇಡವೆನ್ನುತ್ತಾರೋ ಆ ಊರಿನಲ್ಲಿ ಹೆಂಡವೂ ಬೇಡ, ವಿಸ್ಕಿಯ ಅಂಗಡಿಯೂ ಬೇಡ. ಮಾವಿನ ಬಿಯರಿನವರು ತಮ್ಮ ಬಾರ್ಲಿಯನ್ನು ರಾಜಸ್ಥಾನದಿಂದ, ಹಾಪ್ಸನ್ನು ಜರ್ಮನಿ ಅಮೇರಿಕೆಗಳಿಂದ ತರಿಸಲಿ, ಅದು ಅವರ ವ್ಯಾಪಾರ. ಹಣ್ಣನ್ನಾದರೂ ಹಾನಗಲ್ಲಿನ ಬೆಳೆಗಾರರ ಸಂಘದಿಂದ ನೇರವಾಗಿ, ತೂಕಕ್ಕೆ ತಕ್ಕ ರೊಕ್ಕ ಕೊಟ್ಟು ಕೊಳ್ಳಲಿ. ಮಾವಿನ ಬೆಲೆ ಬಿದ್ದ ವಾರ ಅಡತಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತ ರೈತನಿಗೆ ಅವರ ನಲ್ಲಿಯಿಂದ ಇಷ್ಟಾದರೂ ಇಳಿಯಬೇಕು.