ಟೋಕನ್ನಿಗೆ ಮೊದಲು ಕಾಯಿದೆ

ನೆಲ, ಕಟ್ಟಡ, ಗಣಿ, ಸಾಲಪತ್ರ ಇವುಗಳನ್ನು ಸಾವಿರಾರು ಪಾಲುಗಳಾಗಿ ಮಾಡಿ, ಪ್ರತಿ ಪಾಲಿಗೂ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಗುರುತು ಕೊಟ್ಟು ಮಾರುವ ಪದ್ಧತಿಗೆ ಟೋಕನೀಕರಣವೆಂದು ಹೆಸರು. ಕೋಟಿ ಬೆಲೆಯ ಕಟ್ಟಡದಲ್ಲಿ ಬಡವನೂ ಪಾಲುದಾರನಾಗಬಹುದೆಂದು ಇದರ ಪ್ರಚಾರಕರು ಸಾರುತ್ತಿದ್ದಾರೆ. ಮಾತು ಇಂಪಾಗಿದೆ. ಆದರೆ ಗುರುತು ಕೈಗೆ ಬಂದರೆ ನೆಲ ಕೈಗೆ ಬಂದಂತಾಯಿತೆ? ಗಿರಣಿಯ ಗೇಟಿನಲ್ಲಿ ಬಿಲ್ಲೆ ಹಿಡಿದು ನಿಂತ ಕಾರ್ಮಿಕನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಿಲ್ಲೆಗೆ ಬೆಲೆ ಬರುವುದು ಒಳಗಿನ ಹಾಜರಿ ಪುಸ್ತಕದಿಂದ. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಬಿಲ್ಲೆ ಬರಿಯ ತಗಡು.

ಮಧ್ಯ ಆಫ್ರಿಕಾ ಗಣರಾಜ್ಯದ ಕಥೆಯನ್ನು ನೋಡಿರಿ. ಬಹುಪಾಲು ಪ್ರಜೆಗಳ ಮನೆಗೆ ವಿದ್ಯುತ್ತೇ ಇಲ್ಲದ ಆ ದೇಶದ ಸರ್ಕಾರ 2022ರ ಜುಲೈನಲ್ಲಿ ‘ಸಾಂಗೊ’ ಎಂಬ ಕಂಪ್ಯೂಟರ್ ನಾಣ್ಯವನ್ನು ಮಾರಾಟಕ್ಕಿಟ್ಟಿತು. 60,000 ಡಾಲರ್ ಬೆಲೆಯ ನಾಣ್ಯವನ್ನು ಒತ್ತೆಯಿಟ್ಟವನಿಗೆ ಪೌರತ್ವ, 10,000 ಡಾಲರಿನದನ್ನು ಒತ್ತೆಯಿಟ್ಟವನಿಗೆ 250 ಚದರ ಮೀಟರ್ ನಿವೇಶನ! ಅಲ್ಲಿನ ಸಂವಿಧಾನ ನ್ಯಾಯಾಲಯ ಆಗಸ್ಟ್ ತಿಂಗಳಲ್ಲೇ ಇದನ್ನು ಸಂವಿಧಾನಬಾಹಿರವೆಂದು ತಡೆಯಿತು. ಆದರೂ 2023ರ ಜುಲೈನಲ್ಲಿ ನೆಲವನ್ನೂ ನಿಸರ್ಗ ಸಂಪತ್ತನ್ನೂ ಟೋಕನ್ ಮಾಡಲು ಅಲ್ಲಿನ ಶಾಸನಸಭೆ ಕಾಯಿದೆಯನ್ನು ಅಂಗೀಕರಿಸಿತು. ಮೊದಲು ಮಾರಾಟ, ಆಮೇಲೆ ಕಾಯಿದೆ! ಚಿನ್ನ, ವಜ್ರಗಳ ಒಡೆಯರಾದ ಜನರನ್ನು ಕೇಳಿದವರಾರು?

ಯಂತ್ರ ನಮಗೆ ವೈರಿಯಲ್ಲ. ಲೆಕ್ಕ ಬಯಲಾಗುವುದಾದರೆ, ಸಣ್ಣ ವರ್ತಕನ ಬಾಕಿಯ ಹಣ ಬೇಗ ಕೈಸೇರುವುದಾದರೆ, ನಾವು ಸ್ವಾಗತಿಸುವವರೇ. ಬ್ರೆಜಿಲ್ ದೇಶದ ಷೇರು ನಿಯಂತ್ರಣ ಮಂಡಲಿಯು 2023ರಲ್ಲಿ, ವರ್ತಕರ ಬಾಕಿ ಹಣದ ಮೇಲಿನ ಹಕ್ಕನ್ನು ಟೋಕನ್ ಮಾಡಿ ಸಾರ್ವಜನಿಕರಿಗೆ ಮಾರಿದರೆ ಅದೂ ಷೇರುಪತ್ರಗಳ ಕಾಯಿದೆಗೆ ಒಳಪಡಬಹುದೆಂದು ಎಚ್ಚರಿಸಿತು. ಹೆಸರು ಬದಲಾದ ಮಾತ್ರಕ್ಕೆ ಹೊಣೆ ಬದಲಾಗದೆಂಬ ಈ ನೀತಿ ಸರಿಯಾದದ್ದು.

ನಮ್ಮಲ್ಲಿ ಕಟ್ಟಡಗಳ ಪಾಲು ಮಾರುವವರಿಗಾಗಿ ಸೆಬಿಯು 2024ರ ಮಾರ್ಚ್‌ನಲ್ಲಿ ನಿಯಮ ರಚಿಸಿತು. ಹಣದ ಬಹುಭಾಗ ಕಟ್ಟಿ ಮುಗಿದ, ಬಾಡಿಗೆ ತರುವ ಆಸ್ತಿಯಲ್ಲೇ ಇರಬೇಕೆಂದಿತು. ಅದು ಒಳ್ಳೆಯದೇ. ಆದರೆ ಕನಿಷ್ಠ ಪಾಲಿಗೆ 10 ಲಕ್ಷ ರೂಪಾಯಿ! ಅಷ್ಟು ಹಣವುಳ್ಳವನಿಗೆ ಕಾಯಿದೆಯ ಕಾವಲಾಯಿತು. ಐದು ಸಾವಿರ ಉಳಿಸಿದವನಿಗೆ ಬಲೆ ಹಾಕುವವನು ಆ ಗೆರೆಯ ಕೆಳಗೇ ಕಾದಿರುತ್ತಾನೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ಗಿಫ್ಟ್ ಸಿಟಿಯ ಪ್ರಾಧಿಕಾರವು ಆಸ್ತಿಗಳ ಟೋಕನೀಕರಣದ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ದುಡಿಯುವ ಜನರ ಅಭಿಪ್ರಾಯವೂ ಸರ್ಕಾರದ ಕಿವಿಗೆ ಬೀಳಲಿ.

ನಾವು ಕೇಳುವುದಿಷ್ಟೆ. ಟೋಕನ್ ಹಿಡಿದವನ ಹಕ್ಕು ಕಾಯಿದೆಬದ್ಧ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು. ಮಾರಿದ ಕಂಪನಿ ದಿವಾಳಿಯಾದರೂ ಪಾಲುದಾರನ ಆಸ್ತಿ ಮುಳುಗದಂತೆ ಅದು ಬೇರೆ ಧರ್ಮದರ್ಶಿಗಳ ವಶದಲ್ಲಿರಬೇಕು. ಮೋಸಹೋದವನ ದೂರನ್ನು ಅವನ ಜಿಲ್ಲೆಯಲ್ಲೇ, ಅವನ ಭಾಷೆಯಲ್ಲೇ ಕೇಳುವ ಕಚೇರಿ ಬೇಕು. ಸಾರ್ವಜನಿಕರ ನೆಲ, ಗಣಿ, ನೀರುಗಳನ್ನು ಟೋಕನ್ ಮಾಡುವ ಅಧಿಕಾರ ಯಾವ ಮಂತ್ರಿಗೂ ಇರಕೂಡದು.

ಅಲ್ಲಿಯವರೆಗೆ ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಯಾರಾದರೂ ಟೋಕನ್ ಮಾರಲು ಬಂದರೆ, ಲಾಭವೆಷ್ಟೆಂದು ಕೇಳುವ ಮೊದಲು, ಇದು ಯಾವ ಪುಸ್ತಕದಲ್ಲಿ ದಾಖಲಾಗಿದೆಯೆಂದು ಕೇಳಿರಿ.